ಅತ್ತೆ ಹೇಳಿದ ಒಂದೇ ಸುಳ್ಳು

ನಮ್ಮತ್ತೆಯ ಹಣೆಯ ಮೇಲಿನ ವಿಭೂತಿ ಪಟ್ಟೆ ಯಾವತ್ತೂ ಎಡಕ್ಕೆ ವಾಲಿರುತ್ತಿತ್ತು. ಕನ್ನಡಿ ನೋಡುವ ಅಭ್ಯಾಸವೇ ಅವರಿಗಿರಲಿಲ್ಲ. ‘ಸೊಟ್ಟ ಆಗಿದೆ ಅತ್ತೆ’ ಅಂದರೆ, ‘ಹಂಗಾರೆ ನೀನೇ ಕತ್ತು ವಾರೆ ಮಾಡ್ಕೊಂಡು ನೋಡು’ ಅನ್ನುತ್ತಿದ್ದರು. ಅವರ ಬಾಯಿಗೆ ಸಿಕ್ಕಿಕೊಂಡವರು ಸುಮ್ಮನೆ ಎದ್ದು ಹೋಗುವುದೇ ಲೇಸು.

ಸುಳ್ಳು ಮಾತ್ರ ಅವರಿಗೆ ಆಗುತ್ತಿರಲಿಲ್ಲ. ನರಸಿಂಹರಾಜಪುರದ ಪೇಟೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ನಮ್ಮ ಯಜಮಾನರು ಊಟಕ್ಕೆ ಬಂದ ಹೊತ್ತಿನಲ್ಲಿ ಅತ್ತೆ ಗಲ್ಲಾದಲ್ಲಿ ಕೂರುತ್ತಿದ್ದರು. ಯಾರಾದರೂ ಕುಕ್ಕರ್ ಎತ್ತಿ ನೋಡಿದರೆ ಸಾಕು, ‘ಅದು ಬೇಡ ಮಾರಾಯ್ತಿ, ಹಿಡಿ ಬೇಗ ಅಲ್ಲಾಡ್ತದೆ’ ಎಂದು ಕಳಿಸಿಬಿಡುವರು. ‘ಅಮ್ಮ, ಹಿಂಗಾದ್ರೆ ಅಂಗಡಿ ಬಾಗಿಲು ಹಾಕ್ಬೇಕಾಗ್ತದೆ’ ಎಂದು ಇವರು ಗೋಳಾಡಿದರೆ, ‘ಹಾಕು. ಒಳ್ಳೇ ಕುಕ್ಕರ್ ತರಿಸಿ ಆಮೇಲೆ ತೆಗಿ’ ಅನ್ನುವರು.

ಮಗಳು ಮೂರನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಫಿಟ್ಸ್ ಬಂದು ಬಿದ್ದಳು. ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿ, ಅಲ್ಲಿಂದ ಮಂಗಳೂರಿಗೆ ಹೋದೆವು. ಅತ್ತೆಯೂ ಬಂದರು. ಮಗುವಿನ ಮೆದುಳಿನಲ್ಲಿ ಒಂದು ಕಡೆ ರಕ್ತನಾಳಗಳು ಗೋಜಲಾಗಿವೆ ಅಂದರು ಡಾಕ್ಟರು. ಹೃದಯದಿಂದ ರಭಸವಾಗಿ ಬರುವ ರಕ್ತ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಹರಡಿ, ವೇಗ ಕಳೆದುಕೊಂಡು, ಆಮೇಲೆ ವಾಪಸು ಹೋಗುವ ನಾಳ ಸೇರಬೇಕು. ಇವಳಿಗೆ ಆ ಜಾಗದಲ್ಲಿ ನಡುವಿನ ಸಣ್ಣ ನಾಳಗಳೇ ಆಗಿರಲಿಲ್ಲ.

‘ಅಂದ್ರೆ, ಕಾಲುವೆ ನೀರು ಗದ್ದೆಗೆ ಇಳೀದೆ ಸೀದಾ ಬಸಿಗಾಲುವೆಗೇ ನುಗ್ಗಿದಂಗೆ’ ಅಂದರು ಅತ್ತೆ.

‘ಹೌದಮ್ಮ. ವಾಪಸು ಹೋಗೋ ನಾಳ ಆ ರಭಸ ತಡೆಯಲ್ಲ. ಉಬ್ಬಿ, ಸುತ್ತಿಕೊಂಡು ಗಂಟಾಗುತ್ತೆ. ಒಡೆದರೆ ಜೀವಕ್ಕೇ ಅಪಾಯ. ಚಿಕಿತ್ಸೆಗೆ ಮುಂದಿನ ವಾರವೇ ದಿನ ಕೊಡ್ತೀನಿ, ತಡ ಮಾಡಬೇಡಿ.’

‘ಇದು ಯಾವಾಗ ಆಗಿದ್ದು ಡಾಕ್ಟ್ರೇ?’ ಎಂದು ನಾನು ಕೇಳಿದೆ.

‘ಹೆಚ್ಚಾಗಿ ಹುಟ್ಟೋಕೆ ಮೊದಲೇ ಶುರುವಾಗಿರುತ್ತೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ತಾಯಿ ಮಾಡಿದ ತಪ್ಪಿಂದ ಆಗೋದಂತೂ ಅಲ್ಲ.’

ಮೊದಲನೇ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಇವಳು ಹೊಟ್ಟೆಯಲ್ಲಿದ್ದಾಗ ಒಂದು ಸೂರ್ಯಗ್ರಹಣ ಬಂದಿತ್ತು. ಅತ್ತೆ ಆವತ್ತು ಕೊಪ್ಪದಲ್ಲಿ ತಂಗಿಯ ಮನೆಯಲ್ಲಿದ್ದರು. ಹೊಸ್ತಿಲು ದಾಟಬಾರದೆಂದು ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದರು. ಹನಿ ಬಿತ್ತೆಂದು ನಾನು ಅಂಗಳದ ಬಟ್ಟೆ ತೆಗೆಯಲು ಹೋದೆ. ಆಮೇಲೆ ಅದನ್ನು ನಾನೇ ಬಾಯಿಬಿಟ್ಟು, ವಾರಗಟ್ಟಲೆ ಬೈಸಿಕೊಂಡೆ.

ಊರಿಗೆ ಬಂದಮೇಲೆ, ಮಗುವನ್ನು ನೋಡಲು ಬಂದ ಯಜಮಾನರ ದೊಡ್ಡಮ್ಮ ನೇರ ಅಲ್ಲಿಗೇ ಕೈ ಹಾಕಿದರು. ‘ಬಸುರೀಲಿ ಗ್ರಹಣಕ್ಕೆ ಹೊರಗೆ ಬಂದಿರ್ಬೇಕು ಇವಳು. ಮೊದ್ಲು ಶಾಂತಿ ಮಾಡ್ಸಿ. ಮಂಗಳೂರು ಮುಂದಿನ ತಿಂಗಳಿಗೆ ಇಟ್ಕೊಳ್ಳಿ.’

ಇವರು ಆಗಲೇ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ್ದರು. ಹೊರಗೆ ಹೋದವಳು ನಾನೇ, ಬೇಡ ಅನ್ನುವುದು ಹೇಗೆ?

ಅತ್ತೆ ಅಡಿಗೆಮನೆಯಿಂದ ಬಂದು ನಿಂತರು. ‘ಗ್ರಹಣದ ದಿನ ಇವಳನ್ನ ಕೋಣೆ ಒಳಗೆ ಬಿಟ್ಟು ಚಿಲಕ ಹಾಕಿದ್ದು ನಾನು. ಗ್ರಹಣ ಬಿಡೋವರೆಗೂ ಬಾಗಿಲ ಹತ್ರನೇ ಕೂತಿದ್ದೆ. ದೋಷ ಎಲ್ಲಿಂದ ಬರ್ತದೆ? ಡಾಕ್ಟ್ರು ಹೇಳಿದ ದಿನಕ್ಕೇ ಹೋಗೋದು.’

ದೊಡ್ಡಮ್ಮ ಶಾಂತಿಯ ಮಾತು ಬಿಟ್ಟು ಕಾಫಿ ಲೋಟ ಎತ್ತಿಕೊಂಡರು. ಅತ್ತೆ ಹೇಳಿದ ಮೇಲೆ ಅದು ನಿಜವೇ ಎಂದು ಊರಿಗೆಲ್ಲ ಗೊತ್ತು. ಅಮ್ಮ ಆವತ್ತು ಕೊಪ್ಪದಲ್ಲಿದ್ದದ್ದಾಗಲಿ, ಆಮೇಲೆ ನನಗೆ ಬೈದದ್ದಾಗಲಿ ನಮ್ಮ ಯಜಮಾನರಿಗೂ ನೆನಪಾಗಲಿಲ್ಲ, ಪುಣ್ಯ!

ದೊಡ್ಡಮ್ಮ ಹೋದಮೇಲೆ ಅಡಿಗೆಮನೆಯಲ್ಲಿ ಮೆಲ್ಲಗೆ ಅಂದೆ, ‘ಅತ್ತೆ, ನಾನು ಆವತ್ತು ಹೊರಗೆ ಹೋಗಿದ್ದೆ.’

‘ಗೊತ್ತು. ನಿನ್ನ ಗಂಡ ಹೊಟ್ಟೇಲಿದ್ದಾಗ ನಾನೂ ಗ್ರಹಣದಲ್ಲಿ ನಾಟಿ ಮಾಡಿದೀನಿ. ಸಸಿ ಬಾಡ್ತಿತ್ತು, ಎಂತ ಮಾಡೋದು? ಅವನಿಗೇನಾಗಿದೆ ಈಗ? ಸ್ವಲ್ಪ ಮಂಕು, ಅಷ್ಟೇ.’

‘ಮತ್ತೆ ನಂಗೆ ಅಷ್ಟೆಲ್ಲ ಬೈದ್ರಿ?’

‘ನಮ್ಮತ್ತೆ ನಂಗೆ ಬೈದಿದ್ರು. ಅದನ್ನ ಎಲ್ಲಿ ಹಾಕ್ಲಿ?’

ನನಗೆ ನಗು ಬಂತು, ಅದರ ಬೆನ್ನಿಗೇ ಅಳು. ಅತ್ತೆ ಸೌಟು ಕೆಳಗಿಟ್ಟು ಬೆನ್ನ ಮೇಲೆ ಕೈಯಿಟ್ಟರು. ‘ಆ ಕಾಲುವೆ ಹಂಗೇ ಹುಟ್ಕೊಂಡಿದೆ ಕಣೇ. ಯಾರೂ ತೋಡಿದ್ದಲ್ಲ.’

ಹೇಳಿದ ದಿನಕ್ಕೇ ಹೋದೆವು. ತಲೆ ತೆರೆಯದೆ, ಕಿರಣ ಹಾಯಿಸಿ ಗಂಟನ್ನು ಮುಚ್ಚಿಸುವ ಚಿಕಿತ್ಸೆ. ಪೂರ್ತಿ ಮುಚ್ಚಲು ಎರಡು ಮೂರು ವರ್ಷ ಬೇಕು, ಅಲ್ಲಿಯವರೆಗೂ ಒಡೆಯುವ ಭಯ ತಪ್ಪಿದ್ದಲ್ಲ. ಆವತ್ತಿನಿಂದ ಅತ್ತೆ ಮೊಮ್ಮಗಳನ್ನು ತಮ್ಮ ಪಕ್ಕದಲ್ಲೇ ಮಲಗಿಸಿಕೊಳ್ಳತೊಡಗಿದರು. ನನಗೆ ನಿದ್ದೆ ಬರಲೆಂದೇ ಹಾಗೆ ಮಾಡಿದರೆಂದು ಆಗ ಹೊಳೆಯಲಿಲ್ಲ.

ಎರಡನೇ ವರ್ಷ ಹೃದಯಾಘಾತವಾಗಿ ಅತ್ತೆ ಹೋಗಿಬಿಟ್ಟರು. ಕೊನೆಯ ಸ್ಕ್ಯಾನ್ ಆದದ್ದು ಆಮೇಲೆ. ಗಂಟು ಪೂರ್ತಿ ಮುಚ್ಚಿದೆ ಎಂದು ಡಾಕ್ಟರು ಹೇಳುತ್ತಿದ್ದಂತೆ, ‘ಅತ್ತೆಗೆ ಫೋನ್ ಮಾಡಿ’ ಎಂದು ಇವರಿಗೆ ಹೇಳಿಯೇಬಿಟ್ಟೆ. ಇಬ್ಬರೂ ಅಲ್ಲೇ ಕೂತು ಅತ್ತೆವು.

ಮೊನ್ನೆ ಮಗಳು ಕೇಳಿದಳು, ‘ಅಮ್ಮ, ನಂಗೇ ಯಾಕೆ ಹಿಂಗಾಗಿದ್ದು? ನೀನು ಎಂತಾದ್ರೂ ಮಾಡಿದ್ಯಾ?’

‘ಇಲ್ಲ ಪುಟ್ಟಿ’ ಅಂದೆ. ಅಷ್ಟು ಸಲೀಸಾಗಿ ಆ ಮಾತು ನನ್ನ ಬಾಯಲ್ಲಿ ಬಂದದ್ದು ಅತ್ತೆಯ ಋಣ.