ನನ್ನ ಹುಚ್ಚಿಗಿಟ್ಟ ಹೆಸರು ಮಲೇರಿಯಾ

"ವೇಡಾ ಆಲಾ." ಪುಣೆಯ ಹಾಸ್ಟೆಲಿನ ಊಟದ ಮನೆಗೆ ಕಾಲಿಟ್ಟ ಕೂಡಲೇ ಒಬ್ಬ ಕೂಗಿದ. ಹುಚ್ಚ ಬಂದ ಎಂದರ್ಥ. ಎಲ್ಲರೂ ನಕ್ಕರು, ಒಬ್ಬ ಸರಿದು ಮಣೆ ಕೊಟ್ಟ. ನಾನು ಮಳೆಗಾಲವನ್ನೆಲ್ಲ ಹುಚ್ಚಾಸ್ಪತ್ರೆಯಲ್ಲಿ ಕಳೆದು ಕಾಲೇಜಿಗೆ ಮರಳಿದವನು. ನಮ್ಮ ಹೊನ್ನಾವರದಲ್ಲಿ ಇಂಥ ಮಾತನ್ನು ಬೆನ್ನ ಹಿಂದೆ ಆಡುತ್ತಾರೆ. ಇವರಿಗೆ ಅಷ್ಟು ನಾಜೂಕಿಲ್ಲ. ಸಿಟ್ಟು ನೆತ್ತಿಗೇರಿತು, ಆದರೂ ಕುಳಿತೆ. ಯುದ್ಧಕಾಲ, ಅನ್ನಕ್ಕೆ ರೇಷನ್ನು. ಭಾಕರಿ ಎಂಬ ಜೋಳದ ರೊಟ್ಟಿ, ಬೆಲ್ಲ ಹಾಕಿದ ಸಾರು. ಮೀನಿಲ್ಲದ ಊರು.

ಅದೇ ಹುಡುಗರು ಪರೀಕ್ಷೆ ಬಂತೆಂದರೆ ನನ್ನ ಕೋಣೆಯಲ್ಲಿ. ತಲೆ ಕೆಟ್ಟ ದಿನಗಳಲ್ಲೂ ಬೀಜಗಣಿತ ನನ್ನ ಕೈಬಿಟ್ಟಿರಲಿಲ್ಲ. ಲೆಕ್ಕ ಹೇಳಿಕೊಡುವಷ್ಟು ಹೊತ್ತು ನಾನು ಚೆನ್ನಾಗಿರುತ್ತಿದ್ದೆ. ಇದನ್ನು ಯಾವ ಡಾಕ್ಟರೂ ಹೇಳಲಿಲ್ಲ, ನಾನೇ ಕಂಡುಕೊಂಡೆ.

ಊರಿನಲ್ಲಿ ಮಾತ್ರ ನನಗೆ ಮಲೇರಿಯಾ. ತಂಗಿ ಗಿರಿಜೆಗೂ ಹಾಗೆಂದೇ ನಂಬಿಸಿದ್ದರು.

"ಎಂತ ಮಾಡೂದು ಮಗಾ?" ರಜೆಗೆ ಹೋದ ನನಗೆ ಎಂದಳು ಹೆತ್ತ ಆಯಿ. "ಜ್ವರ ಅಂದ್ರೆ ಕೇಳ್ದೋರು ಸುಮ್ನಾಗ್ತಾರೆ. ಗಿರಿಜೆ ಮದುವೆ ಆಗ್ಬೇಕಲ್ಲ."

ನೆರೆಯವರು ಕಹಿ ಕಷಾಯ ತಂದರು, ಕುಡಿದೆ. ಪ್ರೀತಿಯಿಂದ ತಂದದ್ದು, ನಾಚಿಕೆಯಾದದ್ದೂ ಅದಕ್ಕೇ.

ಗಿರಿಜೆಯ ಮದುವೆಗೆ ಹೋದಾಗ ಆಯಿ ನನ್ನನ್ನು ಒಳಕೋಣೆಯಲ್ಲಿ ಮಲಗಿಸಿದಳು. ಕುಮಟೆಯ ಬೀಗರು ಮಾತಿಗೆಳೆದಾರೆಂಬ ಭಯ. ಗಟ್ಟಿಮುಟ್ಟಾಗಿದ್ದ ನಾನು ಬೇಸಿಗೆಯ ಸೆಕೆಯಲ್ಲಿ ಕಂಬಳಿ ಹೊದ್ದು, ಗೋಡೆಯಾಚೆಯ ಧಾರೆಯ ಹಾಡು ಕೇಳುತ್ತ ಬಿದ್ದಿದ್ದೆ. ಇದ್ದ ಒಬ್ಬಳೇ ತಂಗಿಯ ಧಾರೆಯನ್ನು ನೋಡಲಿಲ್ಲ.

ಧಾರೆ ಮುಗಿದ ಮೇಲೆ ವರನ ತಂದೆ ಬಂದು ನನ್ನ ಹಣೆ ಮುಟ್ಟಿದರು. ಜ್ವರವಿರಲಿಲ್ಲ. ಬಾಗಿಲು ಮುಚ್ಚಿ ಪಕ್ಕದಲ್ಲಿ ಕುಳಿತರು.

"ಪುಣೆಯಲ್ಲಿ ಬಂದದ್ದಾ ಇದು?"

"ಹೌದು."

"ನಮ್ಮ ಹುಡುಗನಿಗೆ ಬೊಂಬಾಯಿಯಲ್ಲಿ. ಕಾಲೇಜು ಬಿಡಿಸಿ ಕರಕೊಂಡು ಬಂದೆ. ಈಗ ಅಡ್ಡಿಲ್ಲ. ನಾವೂ ಊರಿಗೆಲ್ಲ ಮಲೇರಿಯಾ ಅಂತ್ಲೇ ಹೇಳಿದ್ದು."

ಗಿರಿಜೆಯನ್ನು ಕೂಗಲು ಎದ್ದು ಕುಳಿತೆ. ಮೋಸ ಎಂಬ ಮಾತು ಬಾಯಿಗೆ ಬಂತು. ಯಾರ ಮೋಸ? ನನಗೆ ಯಾರು ಹೆಣ್ಣು ಕೊಟ್ಟಾರೆಂದು ಪುಣೆಯಲ್ಲಿ ಗೋಳಾಡಿದವನೇ ಅವಳಿಗೆ, ನಿನ್ನ ಗಂಡ ಹುಚ್ಚ ಎನ್ನಲೇ? ಮತ್ತೆ ಮಲಗಿದೆ.

ಪುಣೆ ಇಂದಿಗೂ ನನ್ನ ಊರಲ್ಲ. ಅಲ್ಲಿ ನನ್ನವರು ಯಾರೂ ಇಲ್ಲ, ಸುಳ್ಳು ಹೇಳಬೇಕಾದವರೂ ಇಲ್ಲ. ಊರಿಗೆ ಬಂದರೆ ಎಲ್ಲರೂ ನನ್ನವರೇ.

ಮೊನ್ನೆ ಬಂದಿದ್ದಾಗ ಗಿರಿಜೆಯೂ ತವರಿಗೆ ಬಂದಿದ್ದಳು. ಸೊರಗಿದ್ದಳು.

"ಅಣ್ಣಾ, ಇವರಿಗೂ ಆ ಜ್ವರ ಮರಳಿ ಬಂದದೆ. ರಾತ್ರಿಯೆಲ್ಲ ನಿದ್ದೆ ಇಲ್ಲ, ಗೋಡೆ ಕೂಡೆ ಮಾತು. ನಿಂಗೆ ಎಂತ ಕೊಟ್ಟು ಗುಣ ಆತು?"

ಆಯಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಕ್ವಿನೈನ್" ಎಂದೆ.