ಚಂದಪ್ಪ ವಸ್ತಾದರ ಬಿಗಿ

ಯಂಕಂಚಿಯ ಗರಡಿಮನೆಯಲ್ಲಿ ಚಂದಪ್ಪ ವಸ್ತಾದರು ಹಿಡಿಕೆ ಕೊರೆದ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಬೇಕೆಂದರೆ ಊಟ ಮುಗಿಸಿಯೇ ಹೋಗಬೇಕು. ಕಲ್ಲು ಮೇಲೇರುವುದು ಒಂದು ಗಳಿಗೆಯ ಕೆಲಸ. ಅದಕ್ಕೆ ಮುಂಚೆ ಮೈ ಬಿಗಿಯುವುದು ಮಾತ್ರ ಟೇಪ್ ರಿಕಾರ್ಡರಿನ ಭಜನಾ ಕ್ಯಾಸೆಟ್ಟು ಒಂದು ಮಗ್ಗುಲು ಮುಗಿದರೂ ಮುಗಿಯದು. ಮೊದಲು ಕಾಲ್ಬೆರಳುಗಳು ಕೆಮ್ಮಣ್ಣನ್ನು ಕಚ್ಚಿ ಹಿಡಿಯುತ್ತವೆ, ಆಮೇಲೆ ತೊಡೆ, ಕುಂಡಿ ಗಟ್ಟಿಯಾಗುತ್ತವೆ, ಬಗಲಲ್ಲಿ ಇಂಡಿ ಊರಿನ ನಿಂಬೆಹಣ್ಣಿಟ್ಟು ರಸ ಹಿಂಡುವವರಂತೆ ತೋಳುಗಳು ಪಕ್ಕೆಗೆ ಅಂಟುತ್ತವೆ, ಕಡೆಗೆ ಉಸಿರು ಹೊಟ್ಟೆಗಿಳಿದು ಅಲ್ಲೇ ನಿಲ್ಲುತ್ತದೆ. ನಡುವೆ ಯಾರಾದರೂ ಕೆಮ್ಮಿದರೆ ಮತ್ತೆ ಬೆರಳಿನಿಂದಲೇ ಶುರು. “ಸಡ್ಲ ಮೈಲೆ ಏನೂ ಎತ್ತಬಾರದ್ರಿ” ಎಂಬ ಅವರ ಕಾನೂನು ನೀರಿನ ಕೊಡಕ್ಕೂ, ಜೋಳದ ಚೀಲಕ್ಕೂ, ಹುಡುಗರ ಪ್ರಕಾರ ಚಹಾದ ಕಪ್ಪಿಗೂ ಒಂದೇ. ಇಷ್ಟೆಲ್ಲ ಯಾತಕ್ಕೆಂಬ ಕುತೂಹಲ ತಡೆಯಲಾರದೆ ಒಂದು ಬೆಳಿಗ್ಗೆ ಅವರ ಮನೆಗೇ ಹೋದೆ. ಸೊಂಟ ಮುರಿದು ಹೊರಸು ಹಿಡಿದಿದ್ದ ಹೆಂಡತಿ ಶೇವಂತೆವ್ವನನ್ನು ಅಂಗಳದ ಎಳೆಬಿಸಿಲಿಗೆ ಎತ್ತಿ ತರಲು ವಸ್ತಾದರು ಬೆರಳೂರಿ, ತೊಡೆ ಬಿಗಿದು, ಉಸಿರು ಹಿಡಿದು ನಿಂತಿದ್ದರು. ಸಜ್ಜೆಯ ದಂಟಿನಂಥ ಜೀವ. ನಾನೇ ಸಲೀಸಾಗಿ ಎತ್ತಬಹುದಿತ್ತು. “ಇಷ್ಟ ಹಗೂರ ಅದಾರ, ಇವರಿಗೂ ಬಿಗೀಬೇಕೇನ್ರಿ?” ಎಂದೆ. “ಕಲ್ಲಿಗೇನ್ರಿ, ಅಲುಗಿದ್ರೂ ನೋವಾಗೂದಿಲ್ಲ” ಎಂದು ವಸ್ತಾದರು ಬಗ್ಗಿ ಕೈ ಚಾಚಿದರು. ಶೇವಂತೆವ್ವ ಕಣ್ಣು ಮುಚ್ಚಿಕೊಂಡೇ ತಡೆದರು: “ಮಾತಾಡಿ ಉಸುರು ಬಿಟ್ರಿ ನೀವು. ಮತ್ತ ಬೆರಳಿಂದ ಸುರು ಮಾಡ್ರಿ.” ವಸ್ತಾದರು ಕಾಲ್ಬೆರಳುಗಳನ್ನು ಮತ್ತೆ ನೆಲಕ್ಕೂರಿದರು, ನಾನು ಬಂದ ಕೆಮ್ಮನ್ನು ನುಂಗಿಕೊಂಡು ನಿಂತೆ.