ಮೇಕು ಕಾಲು

ತೆಲುಗು ನಾಡಿನ ದುವ್ವಾಡದ ಹತ್ತಿರ ನಮ್ಮ ಟೌನ್‌ಶಿಪ್ಪಿನ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದವರು ಅಪ್ಪನ ಸಹೋದ್ಯೋಗಿ, ಧಾರವಾಡ ಕಡೆಯ ಎಂಜಿನಿಯರು. ಚೆಂಡು ಹಿಡಿದು ನಿಂತವಳು ಒಂದು ಕಾಲನ್ನು ನೆಲಕ್ಕೆ ಊರಿ, ಇನ್ನೊಂದನ್ನು ಎತ್ತಿಟ್ಟು ಸುತ್ತ ತಿರುಗಬಹುದು. ಊರಿದ ಕಾಲಿಗೆ ಪಿವೊಟ್ ಎನ್ನುತ್ತಾರೆ. ತಂಡದಲ್ಲಿ ತೆಲುಗಿನವರೇ ಹೆಚ್ಚಾದ್ದರಿಂದ ಅಂಕಲ್ ಅದನ್ನು 'ಮೇಕು ಕಾಲು' ಎಂದರು. ತೆಲುಗಿನಲ್ಲಿ ಮೇಕು ಎಂದರೆ ಮೊಳೆ. ಮೈಸೂರು ಕಡೆಯ ನಮ್ಮಪ್ಪ ಕೇಳಿ, "ಮೇಕೆ ಕಾಲಾ? ಸೂಪ್ ಮಾಡ್ಸೋಕಾ?" ಎಂದಿದ್ದರು.

ಹೆಸರು ಪರವಾಗಿರಲಿಲ್ಲ. ಆದರೆ ಅಂಕಲ್ ತಮ್ಮ ಹೋಲಿಕೆಯನ್ನು ತಾವೇ ನಂಬಿಬಿಟ್ಟರು. ಮೊಳೆ ಏಳುವುದಿಲ್ಲ, ಆದ್ದರಿಂದ ಕಾಲೂ ಏಳಬಾರದು. ನಿಯಮ ಹಾಗಿಲ್ಲ. ಚೆಂಡು ಪುಟಿಸುತ್ತ ಹೊರಡುವಾಗ ಅದು ಕೈಬಿಡುವ ತನಕ ಆ ಕಾಲು ಏಳಬಾರದು, ನಿಜ. ಬುಟ್ಟಿಗೆ ಎಸೆಯಲು ಅಥವಾ ಪಾಸ್ ಕೊಡಲು ಎತ್ತಬಹುದು. ಅದು ಮತ್ತೆ ನೆಲ ಮುಟ್ಟುವ ಮೊದಲು ಚೆಂಡು ಕೈಬಿಟ್ಟಿರಬೇಕು, ಅಷ್ಟೆ. ಇದನ್ನು ಮೀರಿದರೆ ಟ್ರಾವೆಲಿಂಗ್ ಎಂಬ ತಪ್ಪು. ಇದೆಲ್ಲ ಅವರ ಫೋನಿನಲ್ಲೇ ಸಿಗುತ್ತಿತ್ತು. ಆ ಫೋನನ್ನು ಅವರು ಗುಡ್ ಮಾರ್ನಿಂಗ್ ಚಿತ್ರ ಕಳಿಸಲು ಬಳಸುತ್ತಿದ್ದರು.

ವಿಜಯವಾಡದ ಪಂದ್ಯಕ್ಕೆ ತಂಡ ಆರಿಸುವ ದಿನ ನಾನು ಹಾಗೆಯೇ ಕಾಲೆತ್ತಿ ಎಸೆದೆ. ಚೆಂಡು ಬುಟ್ಟಿಯೊಳಗೆ ಬಿತ್ತು. ಅಂಕಲ್ ಸೀಟಿ ಊದಿದರು.

"ಮೇಕು ಎದ್ದೈತಿ ನೋಡವಾ. ಟ್ರಾವೆಲಿಂಗ್."

"ಕಾಲು ಕೆಳಗೆ ಬರೋ ಮೊದಲೇ ಚೆಂಡು ಬಿಟ್ಟಿದ್ದೆ ಅಂಕಲ್. ಅದು ತಪ್ಪಲ್ಲ."

"ಎಂಎಸ್ಸಿ ಮಾಡಾಕತ್ತೀನಿ ಅಂತ ನಮಗ ಕಲಸ್ತೀಯೇನು? ಬೆಂಚಿನ ಮ್ಯಾಲೆ ಕುಂತು ಓದ್ಕೊ."

ಹೀಗೆ ನಾನು ಬದಲಿ ಆಟಗಾರ್ತಿಯಾದೆ. ಓದಿನ ಕೊನೆಯ ವರ್ಷ ಅದು. ಮುಂದೆ ಇನ್ನೊಂದು ಪಂದ್ಯ ಆಡಲು ಸಿಗುವ ಭರವಸೆ ನನಗಿರಲಿಲ್ಲ.

ವಿಜಯವಾಡದಲ್ಲಿ ಎದುರು ತಂಡದ ಹುಡುಗಿಯೊಬ್ಬಳು ಅದನ್ನೇ ಮಾಡಿದಳು. ಅಂಕಲ್ ಎದ್ದು ನಿಂತು "ಟ್ರಾವೆಲಿಂಗ್" ಎಂದು ಕೂಗಿದರು. ರೆಫರಿ ತಿರುಗಿಯೂ ನೋಡದೆ ಅಂಕ ಕೊಟ್ಟರು. ಅವಳು ಮತ್ತೆ ಮಾಡಿದಳು, ಮತ್ತೆ ಅಂಕ. ವಿರಾಮದಲ್ಲಿ ಅಂಕಲ್ ರೆಫರಿಯ ಹತ್ತಿರ ಹೋಗಿ ಏನೋ ಕೇಳಿಕೊಂಡು ಬಂದರು.

"ಇಲ್ಲಿ ರೂಲ್ಸ್ ಬ್ಯಾರೆ ಅದಾವು," ಎಂದು ನಮಗೆಲ್ಲ ತಿಳಿಸಿದರು, ವಿಜಯವಾಡಕ್ಕೆ ಬಿಸಿಲಿನಂತೆ ನಿಯಮವೂ ಬೇರೆ ಎನ್ನುವ ಹಾಗೆ. ಆಮೇಲೆ ನನ್ನ ಮುಖ ನೋಡದೆ, "ಆ ವಿಜಯವಾಡ ಸ್ಟೈಲ್ ನಿನಗ ಬರ್ತೈತಲ್ಲ, ಹೋಗವಾ," ಎಂದರು.

ಹೇಳಬೇಕಾದ್ದು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಮತ್ತೆ ಬೆಂಚೇ ಗತಿ. ಬೂಟಿನ ಲೇಸು ಬಿಗಿದುಕೊಂಡು ಅಂಕಣಕ್ಕೆ ಇಳಿದೆ.